ಮನೆಯವರು ಅಂದ್ರೆ ಯಾರು?

ಕಾನೂನು ಸುಧಾರಣಾ ಆಯೋಗದಲ್ಲಿ ಕೆಲಸ ಸಿಕ್ಕಿದ ದಿನ ಅವಳು ಬಸ್ಸಿನಿಂದಲೇ ಚಿಕ್ಕಮ್ಮನಿಗೆ ಫೋನ್ ಮಾಡಿ, "ಚಿಕ್ಕಮ್ಮಾ, ನಾನಿನ್ನು ಕರಡು ಬರೆಯೋಳು!" ಎಂದು ಕೂಗಿದ್ದಳು. ಬಸ್ಸಿನ ಗದ್ದಲದಲ್ಲಿ ಚಿಕ್ಕಮ್ಮನ ಕಿವಿಗೆ ಬಿದ್ದದ್ದೇ ಬೇರೆ.

"ಕರಡಿ ಬರೆಯೋದಾ? ಚಿತ್ರ ಬಿಡಿಸೋ ಕೆಲಸಾನಾ? ಅದಕ್ಕೆ ಯಾಕೆ ವಕೀಲಿ ಓದಿದ್ಯೇ?"

ಅಲ್ಲಿಗೆ ಮುಗಿಯಿತು. ಅಂದಿನಿಂದ ಮನೆಯಲ್ಲಿ ಅವಳು ಕರಡಿ. ಆಮೇಲೆ ಒಂದು ದಿನ ಚಿಕ್ಕಮ್ಮ ಆಫೀಸಿನ ಫೋನಿಗೇ ಕರೆ ಮಾಡಿ "ಕರಡಿ ಇದ್ದಾಳಾಪ್ಪಾ?" ಎಂದು ಕೇಳಿದ್ದರಿಂದ ಆಫೀಸಿನಲ್ಲೂ ಕರಡಿ. ಅವಳಿಗೇನೂ ಬೇಜಾರಿರಲಿಲ್ಲ. ಕೆಲಸದ ಮೇಲೆ ಅವಳಿಗೆ ಅಷ್ಟು ಪ್ರೀತಿ. ಕರಡಿ ಅಲ್ಲ, ಕತ್ತೆ ಅಂದಿದ್ದರೂ ಓಗೊಡುತ್ತಿದ್ದಳೋ ಏನೋ.

ಆಯೋಗ ಇದ್ದದ್ದು ಒಂದು ಹಳೇ ಕಟ್ಟಡದ ಮೇಲಿನ ಮಹಡಿಯಲ್ಲಿ. ಕೆಳಗೆ ಹಲ್ಲಿನ ಆಸ್ಪತ್ರೆ. ಕೆಳಗಿನವರು ಹುಳುಕು ಹಲ್ಲು ಕೊರೆಯುವ ಸದ್ದು ಮೇಲಿನವರು ಹುಳುಕು ಕಾನೂನು ಓದುವಾಗ ನೆಲದಿಂದ ಕುರ್ಚಿಗೆ, ಕುರ್ಚಿಯಿಂದ ಬೆನ್ನಿಗೆ ಹತ್ತುತ್ತಿತ್ತು. ಆಯೋಗಕ್ಕೆ ಯಾರೂ ಯಜಮಾನರಿಲ್ಲ. ಸರಕಾರ ಪ್ರಶ್ನೆ ಕೇಳಬಹುದು, ಉತ್ತರ ಹೇಳಿಕೊಡುವ ಹಾಗಿಲ್ಲ. ಆಯೋಗ ಉತ್ತರ ಹೇಳಬಹುದು, ಸರಕಾರ ಅದನ್ನು ಕೇಳಲೇಬೇಕೆಂದೂ ಇಲ್ಲ. "ಒಳ್ಳೇ ಸಂಸಾರ ನಿಮ್ಮದು" ಎಂದು ಟೀಚರ್ ನಗುತ್ತಿದ್ದರು.

ಟೀಚರ್ ಯಾರು ಎಂದು ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ. ಟೀಚರ್ ಅಂದರೆ ಚಿಕ್ಕಮ್ಮನ ಗೆಳತಿ. ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಚಿಕ್ಕಮ್ಮ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತು ನಿವೃತ್ತರಾದವರು. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು ಹಾಸ್ಟೆಲು ಬಿಟ್ಟ ಮೇಲೂ ಒಂದೇ ಮನೆಯಲ್ಲಿದ್ದರು, ಈಗಲೂ ಇದ್ದಾರೆ. ಕರಡಿ ಕಾಲೇಜಿಗೆಂದು ಬಂದು ಅಲ್ಲೇ ಬೇರು ಬಿಟ್ಟಳು. ಮನೆ ಬಾಡಿಗೆಯದು. ಕರಾರು ಇದ್ದದ್ದು ಟೀಚರ್ ಹೆಸರಲ್ಲಿ. ಅದು ಯಾರ ತಲೆಗೂ ಹೊಳೆದಿರಲಿಲ್ಲ, ಮನೆಯ ಹಳೇ ಮಾಲೀಕರು ತೀರಿಕೊಂಡು ಅವರ ಮಗ ಬಾಗಿಲಿಗೆ ಬರುವ ತನಕ. ಬಹಳ ನಯದ ಮನುಷ್ಯ. ಚಪ್ಪಲಿ ಬಿಟ್ಟು ಒಳಗೆ ಬಂದ, ಚಹಾ ಚೆನ್ನಾಗಿದೆ ಎಂದ. ಹೋಗುವಾಗ ಮೆಲ್ಲಗೆ, "ಕರಾರು ಟೀಚರ್ ಒಬ್ಬರ ಹೆಸರಲ್ಲೇ ಇದೆ ಅಲ್ವಾಮ್ಮಾ? ದೇವರು ಹಾಗೆ ಮಾಡದೇ ಇರಲಿ, ನಾಳೆ ಅವರಿಗೇನಾದ್ರೂ ಆದ್ರೆ ನೀವು ಎಲ್ಲಿಗೆ ಹೋಗ್ತೀರಾ?" ಎಂದ.

ಚಿಕ್ಕಮ್ಮ, "ನನ್ನ ಹೆಸರೂ ಸೇರಿಸಿಬಿಡಪ್ಪ" ಎಂದರು.

"ನೋಡೋಣಮ್ಮ" ಎಂದ.

ಆ 'ನೋಡೋಣ' ಚಿಕ್ಕಮ್ಮನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಹಳೇ ಕಾನೂನು ತೆಗೆದು ನೋಡಿದರೆ, ಬಾಡಿಗೆದಾರ ಸತ್ತರೆ ಮನೆಯಲ್ಲಿ ಮುಂದುವರಿಯುವ ಹಕ್ಕು 'ಮೃತ ಬಾಡಿಗೆದಾರನ ಅವಲಂಬಿತ ಕುಟುಂಬ ಸದಸ್ಯರಿಗೆ'. ಚಿಕ್ಕಮ್ಮ ಟೀಚರಿಗೆ ಅವಲಂಬಿತರಲ್ಲ, ಅವರದೇ ಪಿಂಚಣಿ ಇದೆ. ಕುಟುಂಬವೂ ಅಲ್ಲ. ಸದಸ್ಯತ್ವ ಅಂತ ಇದ್ದದ್ದು ಬೀದಿ ತುದಿಯ ವಾಚನಾಲಯದ್ದು ಮಾತ್ರ. ಅಂದರೆ ಇಷ್ಟು ಕಾಲ ಬಾಳಿದ ಮನೆಯಲ್ಲಿ, ಕಾನೂನಿನ ಕಣ್ಣಿಗೆ, ಚಿಕ್ಕಮ್ಮ ಯಾರೂ ಅಲ್ಲ.

ಇಷ್ಟಾದ ಮೇಲೆ ಏನಾಯಿತು ಗೊತ್ತೇ? ಬಾಡಿಗೆ ಕಾನೂನನ್ನು ತಿದ್ದುವ ಕೆಲಸ ಆಯೋಗಕ್ಕೇ ಬಂತು, ಅದರಲ್ಲಿ ಇದೇ ಕಲಮಿನ ಕರಡು ಕರಡಿಯ ಪಾಲಿಗೇ ಬಂತು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಅಷ್ಟೇ ಬೇಗ, ನಮ್ಮ ಮನೆಯದೇ ವಿಷಯವನ್ನು ನಾನೇ ಬರೆಯಬಹುದೇ ಎಂಬ ಅನುಮಾನ ಹುಟ್ಟಿತು. ನೇರವಾಗಿ ಅಧ್ಯಕ್ಷರ ಕೋಣೆಗೆ ಹೋದಳು.

ಅಧ್ಯಕ್ಷರು ನಿವೃತ್ತ ನ್ಯಾಯಾಧೀಶೆ. ಯಾವ ವಾಕ್ಯವನ್ನೇ ಕೊಡಿ, ಮೊದಲು ಅಲ್ಪವಿರಾಮಗಳನ್ನು ನೋಡಿ ಆಮೇಲೆ ಅಕ್ಷರ ನೋಡುವವರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಅಲ್ಪವಿರಾಮ ಎಂದೇ ಕರೆಯುತ್ತಿದ್ದರು.

"ಮೇಡಂ, ಈ ಕಲಮು ನಾನು ಬರೆಯೋ ಹಾಗಿದೆಯೋ ಇಲ್ಲವೋ ನೋಡಿ" ಎಂದು ಚಿಕ್ಕಮ್ಮ, ಟೀಚರ್, ಮುಳ್ಳು ಎಲ್ಲ ಅರಳು ಹುರಿದಂತೆ ಹೇಳಿಬಿಟ್ಟಳು.

ಅಲ್ಪವಿರಾಮ ಕನ್ನಡಕ ತೆಗೆದು ಒರೆಸಿಕೊಂಡರು. "ನಾವು ಸ್ವತಂತ್ರ ಆಯೋಗ ನಿಜ. ಹಾಗಂತ ಹಿಂದೆ ಮುಂದೆ ಯಾರೂ ಇಲ್ಲದವರೇ ಇಲ್ಲಿ ಕೆಲಸ ಮಾಡ್ಬೇಕು ಅಂದ್ರೆ ಆಫೀಸಿಗೆ ಬೀಗ ಹಾಕ್ಬೇಕಾಗುತ್ತೆ. ಹೇಳಿದ್ದು ಒಳ್ಳೇದಾಯ್ತು. ನಡಾವಳಿಯಲ್ಲಿ ಬರೆಸ್ತೀನಿ, ವರದಿಯಲ್ಲೂ ಹಾಕ್ತೀವಿ. ನೀನು ಬರಿ. ಆದರೆ ಒಂದೊಂದು ಸಾಲನ್ನೂ ತಥಾಪಿ ನೋಡ್ತಾರೆ."

ಬಾಯಿ ತಪ್ಪಿ ಅವರೂ ಅಡ್ಡಹೆಸರನ್ನೇ ಹೇಳಿಬಿಟ್ಟಿದ್ದರು. ತಥಾಪಿ ಅಂದರೆ ಹಿರಿಯ ಕರಡುಗಾರರು. 'ಆದರೂ' ಎನ್ನುವ ಪದ ಅವರ ನಾಲಿಗೆಯ ಮೇಲೆ ಹುಟ್ಟಿಯೇ ಇರಲಿಲ್ಲ.

ಕರಡಿ ಹಗಲೆಲ್ಲ ಬರೆದಳು, ಹೊಡೆದಳು, ಮತ್ತೆ ಬರೆದಳು. ಕೊನೆಗೆ ಒಂದು ಮಧ್ಯಾಹ್ನ ಆ ಪದ ಸಿಕ್ಕಿತು. ಅಯ್ಯೋ, ಕಾಲ ಬುಡದಲ್ಲೇ ಇತ್ತಲ್ಲ! 'ಬಾಡಿಗೆದಾರರು ತೀರಿಕೊಂಡರೆ, ಅವರ ಮನೆಯವರು ಅದೇ ಕರಾರಿನ ಮೇಲೆ ಆ ಮನೆಯಲ್ಲಿ ಮುಂದುವರಿಯಬಹುದು.' ಮನೆಯವರು! ರಕ್ತ ಕೇಳುವುದಿಲ್ಲ, ಮದುವೆ ಕೇಳುವುದಿಲ್ಲ, ಮನೆಯಲ್ಲಿದ್ದರೆ ಸಾಕು. ತಥಾಪಿ ಓದಿ, ಮೂಗು ಮುರಿದು, "ಇದು ಕಾನೂನಿನ ಭಾಷೆಯಲ್ಲ. ತಥಾಪಿ, ತಪ್ಪೇನೂ ಕಾಣಿಸುತ್ತಿಲ್ಲ" ಎಂದರು.

ಆಯೋಗದಲ್ಲಿ ಒಂದು ಪದ್ಧತಿಯಿತ್ತು. ಯಾವ ಕಲಮನ್ನೇ ಬರೆಯಲಿ, ಕಾನೂನು ಓದದವರ ಮುಂದೆ ಅದನ್ನು ಗಟ್ಟಿಯಾಗಿ ಓದಬೇಕು. ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಬರೆದವರು ಪಿಟಕ್ಕೆನ್ನುವ ಹಾಗಿಲ್ಲ. ತಿರುಗಿ ಹೇಳಿದ್ದು ತಪ್ಪಾದರೆ ಕೇಳಿದವರ ತಪ್ಪಲ್ಲ, ಬರೆದವರದು. ಕರಡಿ ಇದನ್ನು ಆಯೋಗದ ಡ್ರೈವರಿಗೆ ಓದಿದಳು. "ಬಾಡಿಗೆದಾರರು ಹೋದ್ರೆ ಮನೆಯವರು ಇರಬಹುದು" ಎಂದ. ಕಾವಲುಗಾರನೂ ಅದನ್ನೇ ಹೇಳಿದ. ಕೆಳಗಿನ ಹಲ್ಲಿನ ಡಾಕ್ಟರೂ ಒಬ್ಬ ರೋಗಿಯ ಬಾಯಿಗೆ ಹತ್ತಿ ತುರುಕಿಟ್ಟು, ಹೊರಗೆ ಬಂದು ಅದನ್ನೇ ಹೇಳಿದರು. ಎಲ್ಲರೂ ಅವಳದೇ ಪದವನ್ನು ಅವಳಿಗೇ ವಾಪಸ್ ಕೊಟ್ಟಿದ್ದರು. ಪದ ಅಷ್ಟು ಸಲೀಸಾಗಿತ್ತೆಂದರೆ ಅದನ್ನು ಬಿಡಿಸಿ ಹೇಳಬೇಕು ಎಂದು ಹೇಳುವವರಿಗೂ ಹೊಳೆಯಲಿಲ್ಲ, ಕೇಳುವವರಿಗೂ ಹೊಳೆಯಲಿಲ್ಲ.

ಹೊಳೆದದ್ದು ಸಾರ್ವಜನಿಕ ಸಭೆಯಲ್ಲಿ.

ಶಾಲೆಯೊಂದರ ಸಭಾಂಗಣ. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದರು. ಕರಡಿ ತನ್ನ ಕಲಮನ್ನು ಓದಿ, ಹೆಮ್ಮೆಯಿಂದ ತಲೆಯೆತ್ತಿದಳು. ಮುಂದಿನ ಬೆಂಚಿನಲ್ಲಿದ್ದ ಟೈಲರ್ ಅಕ್ಕ ಕೈಯೆತ್ತಿದರು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

"ಅಂದ್ರೆ ನಾನು ಸತ್ರೆ ನಮ್ಮ ಮನೆಯವರು ಅಲ್ಲೇ ಇರಬಹುದು ಅಂತ ತಾನೇ?"

"ಹೌದಕ್ಕ."

"ಅವರಿಗೆ ಮಾತ್ರ ಅನುಕೂಲ ಮಾಡಿದ್ರಲ್ಲಮ್ಮ! ಇಡೀ ದಿನ ಮಿಷನ್ ತುಳಿಯೋಳು ನಾನು, ಬಾಡಿಗೆ ಕಟ್ಟೋಳು ನಾನು. ಅವರು ಆರಾಮಾಗಿ ಕಾಲು ಚಾಚ್ಕೊಂಡು ಇರ್ತಾರೆ. ನನ್ನ ಹೆಣ್ಣುಮಕ್ಕಳು ಬೀದಿಗೆ ಹೋಗ್ಬೇಕಾ?"

ಕರಡಿ ಕಣ್ಣು ಪಿಳಿಪಿಳಿ ಬಿಟ್ಟಳು. ಹಿಂದಿನಿಂದ ಇನ್ನೊಬ್ಬ ಹೆಂಗಸು, "ನಮ್ಮ ಮನೆಯವರು ತೀರ್ಕೊಂಡು ಎಷ್ಟೋ ಕಾಲ ಆಯ್ತು, ಹಾಗಾದ್ರೆ ನಂಗೆ ಈ ಕಾನೂನೇ ಇಲ್ವಾ?" ಎಂದರು. ಆಗ ತಿಳಿಯಿತು. ಮನೆಯವರು ಅಂದರೆ ಗಂಡ! ಸಭೆಯ ಅರ್ಧ ಭಾಗಕ್ಕೆ ಅವಳು ಗಂಡಂದಿರ ಕಾನೂನು ಬರೆದುಕೊಟ್ಟಿದ್ದಳು. ಅವಳಿಗೆ ಗಂಡನೂ ಇಲ್ಲ, ಅವಳ ಮನೆಯಲ್ಲಿ ಯಾರಿಗೂ ಗಂಡ ಇಲ್ಲ. ಆ ಅರ್ಥದಲ್ಲಿ ಆ ಪದ ಅವಳ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ.

ಸಾಲದ್ದಕ್ಕೆ ಬೀಗದಂಗಡಿಯವರು ಎದ್ದು ನಿಂತರು. ಅವರಿಗೆ ಬೀಗದ ಅಂಗಡಿಯೂ ಇತ್ತು, ಬಾಡಿಗೆಗೆ ಕೊಟ್ಟ ಮನೆಗಳೂ ಇದ್ದವು. "ಯಾಕ್ರೀ ಜಗಳ? ಬಾಡಿಗೆದಾರ ಹೋದ್ರೆ ಮನೆಯವರು ಬಂದು ಇರಬಹುದು ಅಂತ ಅವರೇ ಓದಿದ್ರಲ್ಲ. ಮನೆಯವರು ಅಂದ್ರೆ ಮನೆ ಯಾರದೋ ಅವರು. ಅಂದ್ರೆ ನಾನು! ಬಹಳ ಒಳ್ಳೇ ಕಾನೂನು ತಾಯಿ, ಬೇಗ ತನ್ನಿ."

ಇಡೀ ಸಭೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಟೈಲರ್ ಅಕ್ಕ ಟೇಪು ಬೀಸಿ, "ಬಾಯಿಗೂ ಒಂದು ಬೀಗ ಮಾರ್ತೀರಾ ಅಣ್ಣ?" ಎಂದರು. ಕರಡಿಯೂ ನಗಬೇಕಾಯಿತು. ಅಷ್ಟು ಚೆನ್ನಾಗಿ ಅವಳ ಕಲಮನ್ನು ಯಾರೂ ಕೆಡವಿರಲಿಲ್ಲ.

ಮರುದಿನ ಆಫೀಸಿನಲ್ಲಿ ಅಲ್ಪವಿರಾಮ ಹೇಳಿದರು: "ಸೋಮವಾರ ಸದಸ್ಯರ ಸಭೆ. ಅದಾದ ಮೇಲೆ ವರದಿ ಅಚ್ಚಿಗೆ. ಅಷ್ಟರೊಳಗೆ ಬೇರೆ ಪದ ತಂದ್ರೆ ಸರಿ. ಇಲ್ದಿದ್ರೆ ಹಳೇದೇ ಉಳೀಲಿ. ಹಳೇದು ಕಿರಿದಾಗಿದೆ, ಆದ್ರೆ ಅದರಲ್ಲಿ ಯಾರೂ ಗಂಡನನ್ನು ಹುಡುಕಲ್ಲ."

ಹಳೆಯದು ಉಳಿದರೆ ಚಿಕ್ಕಮ್ಮ ಹೊರಗೆ. ಚಿಕ್ಕಮ್ಮನಂಥವರೆಲ್ಲ ಹೊರಗೆ. ಕರಡಿ ನಿಘಂಟುಗಳನ್ನು ಮೇಜಿನ ಮೇಲೆ ಗೋಡೆ ಕಟ್ಟಿದಂತೆ ಪೇರಿಸಿಕೊಂಡಳು. ತಥಾಪಿ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

"ಮನೆಮಂದಿ?" ಎಂದಳು.

"ಎಷ್ಟು ಮಂದಿ? ಮನೆಗೆಲಸಕ್ಕೆ ಬರೋರೂ ಮಂದಿಯೇ."

"ಸಹವಾಸಿಗಳು?"

"ನಿನ್ನ ಸಹವಾಸ ಸಾಕಮ್ಮ ಅಂತಾರೆ ಜನ."

"ನಿವಾಸಿಗಳು ಬೇಡ, ಬರೀ ವಾಸಿಗಳು?"

"ಜ್ವರ ವಾಸಿಯಾದವರಾ?" ಕೆಳಗೆ ಹಲ್ಲು ಕೊರೆಯುವ ಸದ್ದು ಶುರುವಾಯಿತು. ತಥಾಪಿ ದವಡೆ ಹಿಡಿದುಕೊಂಡರು.

"ಹೋಗ್ಲಿ ಸರ್, 'ಮನೆಯಲ್ಲಿ ಇದ್ದವರು' ಅಂತ ಹಾಕಿಬಿಡೋಣ."

"ವಾರಕ್ಕೆ ಅಂತ ಬಂದ ನೆಂಟನೂ ಇದ್ದವನೇ. ಬಾಡಿಗೆದಾರ ಸತ್ತ ದಿನ ಅವನು ಸೋಫಾದ ಮೇಲೆ ಮಲಗಿದ್ದರೆ ಮನೆ ಅವನ ಪಾಲಿಗಾ? ನಿನ್ನ ಬೀಗದಂಗಡಿಯವರು ನಮ್ಮಿಬ್ಬರನ್ನೂ ಒಳಗಿಟ್ಟು ಬೀಗ ಹಾಕ್ತಾರೆ."

ಅವರು ತಮಾಷೆ ಮಾಡುತ್ತಿದ್ದರೂ ಎದ್ದು ಹೋಗಲಿಲ್ಲ. ಸಂಜೆವರೆಗೂ ಜೊತೆಗೇ ಕೂತು, ಅವಳು ತಂದ ಪದಗಳನ್ನೆಲ್ಲ ಒಂದೊಂದಾಗಿ ಹೂತುಹಾಕಿದರು.

ಭಾನುವಾರ ಊಟದ ಹೊತ್ತಿಗೆ ಕರಡಿಯ ಮುಖ ಇಳಿದುಹೋಗಿತ್ತು. ಚಿಕ್ಕಮ್ಮ ಹುರಿದ ಆಲೂಗಡ್ಡೆ ಬಡಿಸುತ್ತ, "ಬಿಡೇ ಕರಡಿ. ಆಗಲಿಲ್ಲ ಅಂದ್ರೆ ಆಗಲಿಲ್ಲ. ನೀನು ಊಟ ಬಿಟ್ರೆ ಕಾನೂನಿಗೇನು ಹಸಿವಾಗುತ್ತಾ?" ಎಂದರು. ಹಾಗೆ ಹೇಳುವಾಗಲೂ ಅವರ ಕಣ್ಣು ಕಿಟಕಿ, ಬಾಗಿಲು, ಗೋಡೆಯ ಮೇಲೆ ಹಾದು ಬಂತು. ಅದನ್ನು ಕರಡಿ ನೋಡಿದಳು. ಟೀಚರೂ ನೋಡಿದರು. ಗೆಳತಿಯ ಮನಸ್ಸು ಬೇರೆ ಕಡೆ ತಿರುಗಿಸಬೇಕಾದರೆ ಟೀಚರಿಗೆ ಗೊತ್ತಿದ್ದದ್ದು ಒಂದೇ ದಾರಿ, ಜಗಳ ತೆಗೆಯುವುದು.

"ಈ ಕಿಟಕಿ ನೋಡು. ನಾನು ಈ ಮನೆ ಮಾಡಿದಾಗ ಇದಕ್ಕೆ ಗಾಜೇ ಇರಲಿಲ್ಲ."

"ನೀನು ಮಾಡಿದಾಗ?" ಚಿಕ್ಕಮ್ಮ ಸೌಟು ಕೆಳಗಿಟ್ಟರು. "ಏನೇ ಅದು ನೀನು ಮಾಡಿದಾಗ?"

"ಮತ್ತೆ? ಮುಂಗಡ ಕೊಟ್ಟಿದ್ದು ನಾನು, ಕರಾರಿಗೆ ಸಹಿ ಹಾಕಿದ್ದು ನಾನು. ನೀನು ತಿಂಗಳಾದ ಮೇಲೆ ಬಂದೆ."

"ಆ ತಿಂಗಳು ನೀನು ಚಾಪೆ ಹಾಸ್ಕೊಂಡು ಬ್ರೆಡ್ಡು ತಿಂತಾ ಬಿದ್ದಿದ್ದೆ. ಅದು ಮನೆ ಮಾಡೋದಾ? ಅದು ಇಳ್ಕೊಳ್ಳೋದು! ಪಾತ್ರೆ ತಂದವಳು ಯಾರು? ಪರದೆ ಹೊಲಿದವಳು ಯಾರು? ಗಾಜು ಹಾಕಿಸ್ಲಿಲ್ಲ ಅಂದ್ರೆ ಒಲೆ ಹಚ್ಚಲ್ಲ ಅಂತ ಮಾಲೀಕರ ಮನೆ ಮುಂದೆ ನಿಂತವಳು ಯಾರು? ಇಬ್ಬರೂ ಸೇರಿ ಮಾಡಿದ ಮನೆ ಕಣೇ ಇದು. ನೀನೊಬ್ಬಳೇ ಮಾಡಿದೆ ಅಂದ್ರೆ ನಾಲಿಗೆ ಕಿತ್ತಿಡ್ತೀನಿ."

ಕರಡಿಯ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

"ಚಿಕ್ಕಮ್ಮಾ, ಇನ್ನೊಂದ್ಸಲ ಹೇಳಿ."

"ನಾಲಿಗೆ ಕಿತ್ತಿಡ್ತೀನಿ."

"ಅದಲ್ಲ, ಅದಕ್ಕಿಂತ ಮುಂಚೆ!"

ಮನೆ ಮಾಡುವುದು! ಊರಿಗೆ ಹೊಸದಾಗಿ ಬಂದವರನ್ನು ನಾವೆಲ್ಲ ಕೇಳುವುದು ಅದನ್ನೇ ಅಲ್ಲವೇ, ಎಲ್ಲಿ ಮನೆ ಮಾಡಿದ್ದೀರಿ? ನೆಂಟರು ಬರುತ್ತಾರೆ, ಇಳಿದುಕೊಳ್ಳುತ್ತಾರೆ, ಉಳಿದುಕೊಳ್ಳುತ್ತಾರೆ. ನೆಂಟರು ಮನೆ ಮಾಡುವುದಿಲ್ಲ. ಸ್ವಂತ ಮನೆಯವರು ಮನೆ ಕಟ್ಟಿಸುತ್ತಾರೆ, ಕೊಳ್ಳುತ್ತಾರೆ. ಬಾಡಿಗೆಯವರು ಮಾತ್ರ ಮನೆ 'ಮಾಡುತ್ತಾರೆ'. ಇವಳು ಇಷ್ಟು ದಿನ ಜನರಿಗೆ ಒಂದು ಹೆಸರು ಹುಡುಕುತ್ತಿದ್ದಳು. ಬೇಕಾಗಿದ್ದದ್ದು ಹೆಸರಲ್ಲ, ಅವರು ಮಾಡಿದ ಕೆಲಸ.

ಆದರೆ ಚಿಕ್ಕಮ್ಮನ ಮಾತನ್ನು ಹಾಗೇ ಎತ್ತಿ ಕಾನೂನಿಗೆ ಅಂಟಿಸುವಂತಿಲ್ಲ. ಅವಳ ಮನೆಗೆ ಮಾತ್ರ ಅರ್ಥವಾಗುವ ಪದದಿಂದ ಆಗಲೇ ಒಂದು ಸಲ ಮುಗ್ಗರಿಸಿದ್ದಳು. ಸೋಮವಾರ ಬೆಳಿಗ್ಗೆ ತಥಾಪಿಯವರನ್ನು ಎಬ್ಬಿಸಿ ಕರೆದುಕೊಂಡು ನೇರ ಬೀಗದಂಗಡಿಗೆ ಹೋದಳು. ಅವರು ಆಗಷ್ಟೇ ಅಂಗಡಿಯ ಶಟರ್ ಎತ್ತುತ್ತಿದ್ದರು.

"ಓಹೋ, ನನ್ನ ಕಾನೂನು ತಂದ್ರಾ ತಾಯಿ?"

ಕರಡಿ ಓದಿದಳು: "ಬಾಡಿಗೆದಾರರು ತೀರಿಕೊಂಡರೆ, ಅವರ ಜೊತೆ ಸೇರಿ ಆ ಮನೆ ಮಾಡಿಕೊಂಡಿದ್ದವರು, ಅದೇ ಕರಾರಿನ ಮೇಲೆ ಅಲ್ಲೇ ಮುಂದುವರಿಯಬಹುದು." ಓದಿ, ತುಟಿ ಕಚ್ಚಿಕೊಂಡು ನಿಂತಳು. ಪಿಟಕ್ಕೆನ್ನುವ ಹಾಗಿಲ್ಲವಲ್ಲ.

ಬೀಗದಂಗಡಿಯವರು ಒಂದು ಬೀಗವನ್ನು ತೆಗೆದು ಹಾಕಿ, ತೆಗೆದು ಹಾಕಿ ಯೋಚಿಸಿದರು. "ಅಂದ್ರೆ ಸುಮ್ನೆ ಬಂದು ಬಿದ್ದಿರೋರಿಗಿಲ್ಲ. ಒಟ್ಟಿಗೆ ಸಂಸಾರ ಹೂಡಿದಾರಲ್ಲ, ಅಣ್ಣತಮ್ಮನೋ, ಗಂಡಹೆಂಡ್ತಿಯೋ, ಸ್ನೇಹಿತರೋ, ಅವರಿಗೆ. ಅವರನ್ನ ನಾನು ಎಬ್ಬಿಸೋ ಹಾಗಿಲ್ಲ. ಅಷ್ಟೇ ತಾನೇ?"

ಕರಡಿಗೆ ಅಲ್ಲೇ ಕುಣಿಯಬೇಕೆನಿಸಿತು.

"ಆದ್ರೆ ನಂಗಿದು ಇಷ್ಟ ಇಲ್ಲ" ಎಂದರು ಅವರು. "ನನ್ನ ಹೆಸರು ಹಾಕಿ ಬರ್ಕೊಳ್ಳಿ, ಇಷ್ಟ ಇಲ್ಲ ಅಂತ."

"ಬರ್ಕೊಳ್ತೀವಿ ಸರ್, ಖಂಡಿತ ಬರ್ಕೊಳ್ತೀವಿ" ಎಂದು ತಥಾಪಿ ಅಷ್ಟು ಖುಷಿಯಿಂದ ಬರೆದುಕೊಂಡರೆಂದರೆ, ಅಂಗಡಿಯವರೇ ಕಕ್ಕಾಬಿಕ್ಕಿಯಾದರು.

ಟೈಲರ್ ಅಕ್ಕನ ಅಂಗಡಿಯಲ್ಲೂ ಓದಿದ್ದಾಯಿತು. ಅವರು ಮಿಷನ್ ನಿಲ್ಲಿಸದೆ ಕೇಳಿ, "ನಾನೂ ನಮ್ಮ ಮನೆಯವರೂ ಸೇರಿ ಮಾಡಿದ ಮನೆ, ಸರಿ. ಯಾರು ಹೋದ್ರೂ ಇನ್ನೊಬ್ರು ಇರಬಹುದು, ಅದೂ ಸರಿ. ಆದ್ರೆ ಮಕ್ಕಳು ಮನೆ ಮಾಡಲ್ವಲ್ಲಮ್ಮ, ಮನೆ ಹಾಳು ಮಾಡ್ತಾರೆ. ಅವರು ಎಲ್ಲಿ?" ಎಂದರು.

ದಾರಿಯುದ್ದಕ್ಕೂ ಅದೇ ಚರ್ಚೆ. ಕೊನೆಗೆ ಮೆಟ್ಟಿಲು ಹತ್ತುವಾಗ ತಥಾಪಿಯೇ, "'ಮತ್ತು ಅವರು ಸಾಕುತ್ತಿದ್ದವರು' ಅಂತ ಸೇರಿಸು. ಮಕ್ಕಳೂ ಬಂದ್ರು, ವಯಸ್ಸಾದವರೂ ಬಂದ್ರು" ಎಂದರು. ಅವರ ಬಾಯಿಂದ ಅಷ್ಟು ಸರಳವಾದ ಮಾತು ಬಂದದ್ದು ಅದೇ ಮೊದಲು. ಅವರಿಗೇ ನಾಚಿಕೆಯಾದಂತೆ ಕಂಡಿತು.

ಸಭೆಯಲ್ಲಿ ಸದಸ್ಯರು ಮೇಜಿನ ಸುತ್ತ ಕೂತರು. ಕರಡಿಯ ಚಿಕ್ಕಮ್ಮನ ವಿಷಯವನ್ನು ಅಧ್ಯಕ್ಷರು ಮೊದಲೇ ಎಲ್ಲರ ಮುಂದೆ ಓದಿ ಹೇಳಿದರು. ಆಮೇಲೆ ಕಲಮು. ಒಬ್ಬ ಸದಸ್ಯರು, ಸದಾ ಆಕ್ಷೇಪಣೆಗೆಂದೇ ಬರುವವರು, ಪೆನ್ನಿನಿಂದ ಮೇಜು ಕುಟ್ಟಿದರು.

"'ಸಾಕುತ್ತಿದ್ದವರು' ಅಂದ್ರೆ ನಾಯಿ ಬೆಕ್ಕು ಎಲ್ಲಾ ಬರುತ್ತಲ್ರೀ. ನಾಳೆ ನಾಯಿ ಬಂದು ಬಾಡಿಗೆ ಕರಾರು ಕೇಳುತ್ತೆ."

ಕರಡಿ ಬಾಯಿ ತೆರೆಯುವ ಮೊದಲೇ ತಥಾಪಿ ಎದ್ದು ನಿಂತಿದ್ದರು. "ನಾಯಿಗೆ ನಾವು 'ವರು' ಹಚ್ಚಲ್ಲ ಸರ್. ಸಾಕುತ್ತಿದ್ದವು ಅಂತೀವಿ. ಇಲ್ಲಿ ಸಾಕುತ್ತಿದ್ದ-ವ-ರು ಅಂತಿದೆ. ವ್ಯಾಕರಣವೇ ನಾಯಿಯನ್ನ ಬಾಗಿಲ ಹೊರಗೆ ಕಟ್ಟಿಹಾಕಿದೆ."

ಅಲ್ಪವಿರಾಮ ಜೋರಾಗಿ ನಕ್ಕರು. ಅದಕ್ಕೆ ಮುಂಚೆ ಅವರು ನಕ್ಕಿದ್ದನ್ನು ಕಂಡವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಆಮೇಲೆ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಒಂದು ಅಲ್ಪವಿರಾಮ ತೆಗೀಬೇಕು" ಎಂದರು. "'ತೀರಿಕೊಂಡರೆ' ಆದ ಮೇಲಿಂದು ಇರಲಿ. 'ಸಾಕುತ್ತಿದ್ದವರು' ಆದ ಮೇಲೆ ಯಾಕೆ ನಿಲ್ಲಿಸ್ತೀಯ? ಅವರನ್ನ ಒಳಗೆ ಬಿಡು."

ಎಲ್ಲರ ಕೈಗಳೂ ಮೇಲೆದ್ದವು. ಪೆನ್ನು ಕುಟ್ಟಿದವರದೂ ಎದ್ದಿತು.

ಕರಡಿ ಮನೆಗೆ ಓಡಿದ ಹಾಗೆ ಬಂದಳು. ಚಿಕ್ಕಮ್ಮ ಹಿತ್ತಲ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದರು, ಟೀಚರ್ ಹಗ್ಗದಿಂದ ಒಣಗಿದ ಬಟ್ಟೆ ತೆಗೆಯುತ್ತಿದ್ದರು.

"ಚಿಕ್ಕಮ್ಮಾ, ಒಪ್ಪಿದ್ರು! ಎಲ್ಲರೂ ಒಪ್ಪಿದ್ರು!"

ಚಿಕ್ಕಮ್ಮ ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಹಿಡಿದ ಕೈ ಬಿಡಲಿಲ್ಲ. "ಅಂದ್ರೆ ಇನ್ನು ಅವನು 'ನೋಡೋಣ' ಅನ್ನೋ ಹಾಗಿಲ್ವಾ?"

"ಇನ್ನೂ ಇದೆ ಚಿಕ್ಕಮ್ಮ. ನಾವು ಬರೀ ಶಿಫಾರಸು ಮಾಡೋರು. ವರದಿ ಅಚ್ಚಾಗ್ಬೇಕು, ಸರಕಾರಕ್ಕೆ ಹೋಗ್ಬೇಕು, ಅವರು ಓದ್ಬೇಕು, ಮಸೂದೆ ಆಗ್ಬೇಕು, ಸದನದಲ್ಲಿ ಚರ್ಚೆ ಆಗ್ಬೇಕು…" ಹೇಳುತ್ತ ಹೇಳುತ್ತ ಕರಡಿಯ ದನಿ ಸಣ್ಣದಾಯಿತು. "ವರ್ಷಗಳೇ ಹಿಡೀಬಹುದು."

ಚಿಕ್ಕಮ್ಮ ಹಗ್ಗದ ಕಡೆ ತಿರುಗಿದರು.

"ಕೇಳಿಸ್ತೇನೇ? ಸರಕಾರ ಗೆಜೆಟ್ಟಲ್ಲಿ ಹಾಕೋವರೆಗೂ ನೀನು ಸಾಯೋ ಹಾಗಿಲ್ಲ."

ಟೀಚರ್ ಬಾಯಲ್ಲಿದ್ದ ಕ್ಲಿಪ್ಪು ತೆಗೆದು, "ಸರಕಾರಿ ಕೆಲಸ ಅಂದ್ರೆ ನಾನು ನೂರು ದಾಟೋದು ಗ್ಯಾರಂಟಿ" ಎಂದರು.

"ದಾಟು. ಯಾರು ಬೇಡ ಅಂದ್ರು?" ಎಂದು ಚಿಕ್ಕಮ್ಮ ಎದ್ದು ಹೋಗಿ, ಬಟ್ಟೆ ತುಂಬಿದ ಬುಟ್ಟಿಯ ಇನ್ನೊಂದು ಕಿವಿ ಹಿಡಿದರು.